ಐದು ದಿನ, ಹತ್ತು ದಿನ

ಅಕ್ಕಾ, ಗಾಬರಿಯಾಗಬೇಡ, ಜ್ವರ ಬಿಟ್ಟು ವಾರವಾಯಿತು. ಊಟ ಹೋಟೆಲಿನಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕಿಟಕಿಗೇ ಏರಿಬರುತ್ತದೆ. ಆದರೂ ಈ ಪರವೂರಿನ ಕ್ವಾರಂಟೈನ್ ಕಟ್ಟಡದಲ್ಲೇ ಇದ್ದೇನೆ. ದಿನಾ ಬೆಳಿಗ್ಗೆ ಗೋಡೆಯ ಸ್ಪೀಕರಿನಲ್ಲಿ ಒಬ್ಬ ಹೆಂಗಸು ನಿಯಮ ಹೇಳುತ್ತಾಳೆ. ಒಂದು ದಿನ, "ಐದು ದಿನ ಆದವರು ನಾಳೆ ಮನೆಗೆ ಹೋಗಬಹುದು." ಗಂಟುಮೂಟೆ ಕಟ್ಟಿ ಕೂತರೆ ಮರುದಿನ, "ಹೊಸ ತಳಿಯ ವೈರಸ್ ಬಂದಿದೆ, ಎಲ್ಲರೂ ಇನ್ನೂ ಹತ್ತು ದಿನ ಒಳಗಿರಿ."

ಇವತ್ತು ದನಿಯೇ ಬರಲಿಲ್ಲ. ಬಾಗಿಲುಗಳೆಲ್ಲ ತೆರೆದವು, ಹೊಸ್ತಿಲು ಮಾತ್ರ ಯಾರೂ ದಾಟಲಿಲ್ಲ. ಎದುರು ಕೋಣೆಯ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. "ರೇಡಿಯೋ ರಿಪೇರಿಯವ್ರೇ, ಕೆಳಗೆ ಹೋಗಿ ಕೇಳ್ಕೊಂಡ್ ಬನ್ರೀ. ಐದೋ ಹತ್ತೋ ಗೊತ್ತಾಗ್ದೆ ಹೇಗ್ರೀ ಇರೋದು?" ಎಂದರು.

ಆಫೀಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕುರ್ಚಿಯ ಮೇಲೆ ಬೆರಳು ದಪ್ಪ ಧೂಳು. ಮೇಜಿನ ಮೇಲೆ ಗಡಿಯಾರಕ್ಕೆ ಜೋಡಿಸಿದ ಹಳೇ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನ ಎರಡು ಬದಿಗೆ ಎರಡೇ ಮಾತು, ದಿನಕ್ಕೊಂದರ ಸರದಿ. ಒಳಗೆ ಚಕ್ರ ತಿರುಗಿಸುವ ಬೆಲ್ಟ್ ಜಾರಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ರಬ್ಬರ್ ಬ್ಯಾಂಡ್ ಸಿಕ್ಕಿಸಿದೆ. "ಹೊಸ ತಳಿಯ ವೈರಸ್ ಬಂದಿದೆ" ಎಂದಳು ಅದೇ ಹೆಂಗಸು. ಮೇಲೆ ಬಾಗಿಲುಗಳು ಒಂದೊಂದಾಗಿ, ಮೆಲ್ಲಗೆ, ಸಮಾಧಾನದಿಂದ ಮುಚ್ಚಿಕೊಂಡವು.

ಆ ಧೂಳು ಒರೆಸಿ, ಅದೇ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಚೆ ಡಬ್ಬಿ ರಸ್ತೆಯಲ್ಲಿದೆ. ಗೇಟು ಹಾರುಹೊಡೆದಿದೆ, ಕಾವಲಿಗೆ ಯಾರೂ ಇಲ್ಲ. ಕಾರ್ಡು ಹಾಕಿ ಬೇಗ ಮೇಲೆ ಹೋಗಬೇಕು. ಕಾಯಬೇಡ ಅಂತ ಭಾವನಿಗೂ ಹೇಳು. ಇನ್ನೂ ಹತ್ತು ದಿನ ಎಂದಿದ್ದಾರೆ.

ನಿನ್ನ ತಮ್ಮ