ತಾರಸಿ ಇಲ್ಲದ ಮನೆಗೆ ದಾರಿ

ತಲಕಾಡು
ಏಪ್ರಿಲ್ ೨೦೦೪

ಹೇಮಲತಾ ಅವರೇ,

ಕಾವೇರಿ ತೀರದ ಸಮಸ್ತ ಜನತೆಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಹೆಂಚಿನ ಮನೆ ಇಂದಿನಿಂದ ಪರಿಸರಸ್ನೇಹಿ ಪ್ರವಾಸಿ ವಸತಿಗೃಹ! ಬೋರ್ಡು ನಾನೇ ಬರೆದೆ. ಅವ್ವ ನೋಡಿ, “ಬೋರ್ಡ್ ನೋಡ್ಕೊಂಡು ಯಾರ್ಲಾ ಎಣ್ಣು ಕೊಟ್ಟಾರು? ಮೊದ್ಲು ತಾರಸಿ ಆಕ್ಸು” ಅಂದಳು.

ಭಾನುವಾರ ನಿಮ್ಮ ಸೋದರಮಾವ ಮನೆ ನೋಡಲು ಬರುತ್ತಾರೆ. ತಾರಸಿ ಇಲ್ಲದ ಮನೆಗೆ ಹೆಣ್ಣು ಕೊಡೆನೆಂದು ಆಗಲೇ ಹೇಳಿಕಳಿಸಿದ್ದಾರೆ. ಆದ್ದರಿಂದ ಅವರಿಗೆ ಕೆಲವು ಪ್ರವಾಸಿ ಸಲಹೆಗಳು. ನಂಜನಗೂಡಿನಿಂದ ಬಂದವರು ನರಸೀಪುರದಲ್ಲಿ ಬಸ್ಸು ಬದಲಿಸಬೇಕು. ನಮ್ಮೂರ ಮರಳಿನಲ್ಲಿ ಬರಿಗಾಲ ನಡಿಗೆ ಸಂಜೆ ಮಾತ್ರ. ಮಧ್ಯಾಹ್ನ ನಮ್ಮ ನಡುಮನೆಯ ಮಣ್ಣಿನ ಗೋಡೆಗೆ ಒರಗಿ ಕೂರಬೇಕು. ತಂಪು ಮೆಲ್ಲಗೆ ಬೆನ್ನಿಗಿಳಿಯುತ್ತದೆ. ಗಾಜಿನ ಹೆಂಚಿನಿಂದ ಬಿದ್ದ ಬಿಸಿಲು ನೆಲದ ಮೇಲೆ ನಿಧಾನ ಈಜುತ್ತದೆ. ಹೊಳೆಯೇ ಒಳಗೆ ಬಂದು ಮಲಗಿದಂತಿರುತ್ತದೆ. ಆ ಬೆಳಕಿನಲ್ಲಿ ನೀವು ಕೂತಿರುವುದು ನನಗೆ ದಿನಾ ಕಾಣುತ್ತದೆ. ಇದು ಪ್ರವಾಸಿ ಸಲಹೆಯಲ್ಲ.

ಮಾವನವರು ಬೆಳಗಿನ ತಂಪಿನಲ್ಲೇ ಬಂದುಬಿಟ್ಟರೆ ಸೂರು ನೋಡಿ, ಕಾಫಿ ಕುಡಿದು, ಎದ್ದುಹೋಗುತ್ತಾರೆ. ಬಿಸಿಲಲ್ಲಿ ಬೆಂದು ಬಂದರೆ ಗೋಡೆಯೇ ನನ್ನ ಪರವಾಗಿ ಮಾತಾಡೀತು. ಮನೆ ನೋಡುವ ಶಾಸ್ತ್ರಕ್ಕೆ ಹೆಣ್ಣು ಬರುವಂತಿಲ್ಲವಲ್ಲ, ಅದಕ್ಕೆ ನಿಮ್ಮಿಂದ ಒಂದೇ ಉಪಕಾರ: ಅವತ್ತು ಮಾವನವರು ತಿಂದು ಹೊರಡುವ ಇಡ್ಲಿಗೆ ಒಲೆ ಹಚ್ಚುವುದನ್ನು ಕೊಂಚ ತಡ ಮಾಡಿ.

ನಿಮ್ಮ ವಿಶ್ವಾಸಿ,
ಪ್ರಸಾದ್