ಸೆರಗಿನ ಮೇಲೊಂದು ಬೀನ್‌ಬ್ಯಾಗ್

ಭಾಲ್ಕಿ, ೨ ಸೆಪ್ಟೆಂಬರ್ ೧೯೪೮, ಗುರುವಾರ

ಮತ್ತೆ ಸೊಂಡಿಲು. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಬೆರಳೆಲ್ಲ ತೂತು. ಹತ್ತಿ ತುದಿಯವರೆಗೆ ಹೋಗುವುದೇ ಇಲ್ಲ. ಕೊನೆಗೆ ಚಮಚದ ಹಿಡಿಕೆಯಿಂದ ತುರುಕಿದೆ — ಹೋಯಿತು! ಎದ್ದು ನಿಂತಿತು ನನ್ನ ಆನೆ! ಕೆಂಪು ಮೈ, ಹಸಿರು ಕಿವಿ. ಬಟ್ಟೆಯೆಲ್ಲ ಪಕ್ಕದ ಮನೆಯ ಅಕ್ತರಬೀ ಕೊಟ್ಟ ಚಿಂದಿ. ಅವಳ ಗಂಡ ಅಮೀರ ಪಾಶಾ ದರ್ಜಿ.

ಅತ್ತೆ ಬಂದು ನೋಡಿದರು.

"ಹಂದಿ ಚಂದ ಅದ."

"ಆನಿ ಅದ್ರಿ, ಅತ್ತಿ!"

"ಹೌದಾ? ಇರ್ಲಿ. ಮೊದಲ ಸೆರಗ ತಲಿ ಮ್ಯಾಲ ತಗೋ."

ಅಯ್ಯೋ, ಈ ಸೆರಗು! ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ರಿಬ್ಬನ್ ಕಟ್ಟಿ ಬೆಳೆದ ತಲೆ ಇದು. ನಿಲ್ಲುವುದೇ ಇಲ್ಲ, ಜಾರುತ್ತದೆ. ಮದುವೆಯಾಗಿ ಬಂದ ದಿನದಿಂದ ಎರಡೇ ಪಾಠ — ಸೆರಗು ಹೊದ್ದುಕೋ, ತಲೆ ತಗ್ಗಿಸು. ಮಾವನೆದುರು ಇನ್ನಷ್ಟು ತಗ್ಗಿಸು.

ಇವರು ಮಾತ್ರ ಮುಸಿಮುಸಿ ನಕ್ಕರು. ಶಿವರಾಜ! ಬಾಯಲ್ಲಿ ಅನ್ನುವಂತಿಲ್ಲ, ಬರೆಯಬಹುದಲ್ಲ. ಶಿವರಾಜ, ಶಿವರಾಜ, ಡಿಯರ್ ಶಿವರಾಜ.

ಹೆಣ್ಣುಮಕ್ಕಳ ಶಾಲೆಯ ಕೌಸಲ್ಯಾಬಾಯಿ ಮದುವೆಯಲ್ಲೇ ಹೇಳಿದ್ದರು, ಸಣ್ಣ ಮಕ್ಕಳಿಗೆ ಟೀಚರ್ ಆಗಿ ಬಾ ಎಂದು. ಎಷ್ಟು ಆಸೆ ನನಗೆ! ಆದರೆ ಶಾಲೆಯೇ ಮುಚ್ಚಿದೆ. ರಜಾಕಾರರ ಲಾರಿ ತಿರುಗುವ ರಸ್ತೆಗೆ ಮಕ್ಕಳನ್ನು ಯಾರು ಕಳಿಸುತ್ತಾರೆ…

೯ ಸೆಪ್ಟೆಂಬರ್, ಬೆಳಿಗ್ಗೆ

ರಜಾಕಾರರ ಭಯಕ್ಕೆ ಊರು ಬಿಡುತ್ತಿದ್ದೇವೆ, ಗಾಡಿ ಕಟ್ಟುತ್ತಿದ್ದಾರೆ. ಗಡಿ ದಾಟಿ ಸೊಲ್ಲಾಪುರದ ಕಡೆ, ಅತ್ತೆಯ ತಂಗಿಯ ಊರಿಗೆ. ಹಾಸಿಗೆ, ಹಿಟ್ಟು, ಪೂಜೆಯ ಸಾಮಾನು. ಆಟಿಕೆಗೆ ಜಾಗ ಇಲ್ಲವಂತೆ. ದಿನಚರಿಯನ್ನು ಜೋಳದ ಕಣಜದಲ್ಲಿ ಹೂಳುತ್ತೇನೆ. ಕಾವಲಿಗೆ ಆನೆ.

ಅಕ್ತರಬೀ ತನ್ನ ಬಾಗಿಲಲ್ಲಿ ನಿಂತಿದ್ದಾಳೆ. ಕೈ ಎತ್ತಿದಳು. ನಾನೂ —

೭ ನವೆಂಬರ್, ಭಾನುವಾರ

ಮನೆ! ಮನೆ! ಮೊಳಕೈವರೆಗೆ ಕಣಜದಲ್ಲಿ ಕೈ ಹಾಕಿದೆ, ಸೊಂಡಿಲು ಸಿಕ್ಕಿತು! ಒಂದು ಕಿವಿ ಇಲಿ ತಿಂದಿದೆ, ಅಷ್ಟೇ.

ಪೊಲೀಸ್ ಆ್ಯಕ್ಷನ್ ಮುಗಿಯಿತು. ಕಚೇರಿಯ ಮೇಲೆ ಮೂರು ಬಣ್ಣದ ಬಾವುಟ. ನೋಡಿ ಕಣ್ಣು ತುಂಬಿತು. ಅಕ್ತರಬೀ ಮನೆಗೆ ಬೀಗ. ಆಮೇಲಿನ ಗಲಭೆಯಲ್ಲಿ ಊರು ಬಿಟ್ಟರಂತೆ, ಎಲ್ಲಿಗೆಂದು ಯಾರೂ ಹೇಳುವುದಿಲ್ಲ.

ಸಂಜೆ ಕೌಸಲ್ಯಾಬಾಯಿ ಬಂದರು. ಶಾಲೆ ತೆರೆಯುತ್ತದೆ! ೨೮ಕ್ಕೆ ಆಟೋಟ, ಬೀದರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ನಾನು ಆಟಿಕೆ, ಬೀನ್‌ಬ್ಯಾಗ್ ಹೊಲಿದು ಕೊಡಬೇಕು. ಅದೇ, ಅಂಗೈಯಗಲದ ಬಟ್ಟೆಗೆ ಕಾಳು ತುಂಬಿದ ಚೀಲ, ಕಾನ್ವೆಂಟಿನಲ್ಲಿ ತಲೆಯ ಮೇಲಿಟ್ಟು ರೇಸ್ ಮಾಡುತ್ತಿದ್ದೆವಲ್ಲ! ಆಮೇಲೆ ನಾನೂ ಶಾಲೆಗೆ ಹೋಗಬೇಕು.

"ಆಟಿಗಿ ಹೊಲಿ, ಬ್ಯಾಡ ಅನ್ನಲ್ಲ" ಎಂದರು ಅತ್ತೆ. "ಸಾಲಿ ಮಾತು ಬಿಡು. ಅಂಗಳ ದಾಟೋದ್ರಾಗ ನಿನ್ನ ಸೆರಗ ಹೆಗಲಿಗಿ ಬರ್ತದ. ನಾಲ್ಕು ಮಂದಿ ಮುಂದ ಹ್ಯಾಂಗ ನಿಲ್ತಿ?"

"ಜಾರಲಿಲ್ಲಂದ್ರರಿ?"

ಅತ್ತೆ ನಕ್ಕೇ ನಕ್ಕರು. "ಸಾಲಿ ಮೈದಾನ ಈ ಕಡಿಂದ ಆ ಕಡಿಗಿ, ಊರ ಮಂದಿ ಎದುರಿಗಿ, ಸೆರಗ ಜಾರದಂಗ ನಡದ ತೋರ್ಸು. ಮರುದಿನ ನಾನೇ ಸಾಲಿಗಿ ಕಳಸ್ತೇನಿ."

ಮಾವ ಕೇಳಿಸಿಕೊಂಡರು. ಇವರೂ ಕೇಳಿಸಿಕೊಂಡರು. ಸಾಕ್ಷಿ ಇದೆ!

೧೨ ನವೆಂಬರ್

ಚೀಲಕ್ಕೆ ಜೋಳ ಸುರಿಯಲು ಹೋಗಿ ಬೈಸಿಕೊಂಡೆ. "ತಿನ್ನೋ ಕಾಳ ಒಗದ ಆಡ್ತಾರೇನ?" ಸರಿ, ಹುಣಸೆ ಬೀಜ. ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ ತುಂಬ ಬಿದ್ದಿದೆ. ಗಿಡಿದು ತುಂಬಿದೆ. ದಿಂಬಿನಂತೆ ಉಬ್ಬಿತು. ತಲೆಯ ಮೇಲಿಟ್ಟರೆ ಉರುಳಿ, ನೇರ ಹಾಲಿನ ಪಾತ್ರೆಗೆ. ಮೈ ಗಾಡ್.

೧೬ ನವೆಂಬರ್, ಮಧ್ಯಾಹ್ನ

ಸಿಕ್ಕಿತು! ಅರ್ಧ ಮಾತ್ರ ತುಂಬಬೇಕು! ಆಗ ಬೀಜ ಒಳಗೊಳಗೇ ಸರಿದು ಜಾಗ ಮಾಡಿಕೊಳ್ಳುತ್ತವೆ. ಕಾವಿಗೆ ಕೂತ ಕೋಳಿಯಂತೆ ಚೀಲ ತಲೆಗೆ ಅಂಟಿ ಕೂರುತ್ತದೆ. ಅಂಗಳ ಸುತ್ತಿ ಬಂದೆ. ಆಮೇಲೆ ಹೊಳೆಯಿತು — ಚೀಲ ಇಟ್ಟದ್ದು ಸೆರಗಿನ ಮೇಲೆ. ಸೆರಗು ಒಂದಿಷ್ಟೂ ಅಲುಗಿಲ್ಲ!!

ಹೆಂಗಸರ ಬೀನ್‌ಬ್ಯಾಗ್ ರೇಸಿಗೆ ಹೆಸರು ಕೊಡುತ್ತೇನೆ. ಮೋಸವೇ? ಜಾರಬಾರದು ಎಂದರು ಅತ್ತೆ. ಮೇಲೇನೂ ಇಡಬಾರದು ಎನ್ನಲಿಲ್ಲವಲ್ಲ.

ಸಂಜೆ

ಅಕ್ತರಬೀ ಬಂದಿದ್ದಾಳೆ! ಇಷ್ಟು ದಿನ ಬೀದರಿನ ತವರಿನಲ್ಲಿದ್ದಳಂತೆ. ಎಲ್ಲರಿಗಿಂತ ಮೊದಲು ಹೋದವರು ಅತ್ತೆ, ರೊಟ್ಟಿ ಕಟ್ಟಿಕೊಂಡು. ಅಮೀರ ಪಾಶಾ ಬಂದಿಲ್ಲ. ಅವಳು ನಮ್ಮ ಕಟ್ಟೆಗೆ ಬಂದು ಕೂತಳು. ಆಮೇಲೆ ಆನೆಯನ್ನು ಎತ್ತಿಕೊಂಡು ನೋಡಿದಳು.

"ಆನಿ ಕಿವಿ ಇಲಿಗಿ ಯಾಕ ಕೊಟ್ಟಿ, ಬೇಟಿ?"

ನೀಲಿ ಚಿಂದಿಯಲ್ಲಿ ಹೊಸ ಕಿವಿ ಹೊಲಿದಳು. ಒಂದು ಹಸಿರು, ಒಂದು ನೀಲಿ. ಕೊನೆಗೆ ಸ್ವಲ್ಪ ನಕ್ಕಳು.

೨೮ ನವೆಂಬರ್, ಭಾನುವಾರ

ಗೆದ್ದೆ! ಗೆದ್ದೆ!

ರೇಸಿನಲ್ಲಿ ಬಂದದ್ದು ಕೊನೆಗೆ. ಮೊದಲು ಬಂದವಳು ದಿನಾ ಬಾವಿಯಿಂದ ನೀರು ಹೊರುವ ಭಾಗೀರಥಿಬಾಯಿ. ಅವಳಿಗೆ ಇದೊಂದು ಆಟವೇ? ಆದರೂ ಗೆದ್ದೆ!

ಅರ್ಧ ಮೈದಾನ ರಾಣಿಯ ಹಾಗೆ ನಡೆದೆ. ಆಮೇಲೆ ನೋಡಿದರೆ — ಗೆರೆಯಾಚೆ ಕುರ್ಚಿಯಲ್ಲಿ ಸಾಹೇಬರು, ಪಕ್ಕದಲ್ಲೇ ಮಾವ! ಅಭ್ಯಾಸ ನೋಡಿ, ತಲೆ ತಾನಾಗಿ ತಗ್ಗಿತು. ಚೀಲ ಹಣೆಗೆ ಸರಿಯಿತು, ಜೊತೆಗೇ ಸೆರಗೂ. ನಿಂತುಬಿಟ್ಟೆ. ಮೈದಾನವೆಲ್ಲ ಹೋ ಎಂದಿತು. ಹೋಯಿತು ನನ್ನ ಶಾಲೆ…

ಹೆಂಗಸರ ಕಡೆಯಿಂದ ಒಂದು ದನಿ —

"ಏ ಹುಡುಗಿ! ತಲಿ ಎತ್ತು! ನೆಲ ಏನ ನೋಡ್ತಿ? ಮಾವನ ಮಾರಿ ನೋಡಿ ನಡಿ!"

ಅತ್ತೆ! ಎದ್ದು ನಿಂತು! ಪಕ್ಕದಲ್ಲಿ ಅಕ್ತರಬೀ ಸೀರೆ ಹಿಡಿದೆಳೆಯುತ್ತಿದ್ದಾಳೆ, "ಕೂಡ್ರಿ ಗುಂಡಮ್ಮ, ಕೂಡ್ರಿ!" ಎಲ್ಲಿ ಕೂರುತ್ತಾರೆ!

ತಲೆ ಎತ್ತಿದೆ. ಬೀಜ ಸರಸರ ಹಿಂದಕ್ಕೆ ಸರಿದವು. ಚೀಲ ಕೂತಿತು, ಸೆರಗು ನಿಂತಿತು. ಮಾವನ ಮುಖ ನೋಡುತ್ತಲೇ ಗೆರೆ ದಾಟಿದೆ. ಮಾವ ಚಪ್ಪಾಳೆ ತಟ್ಟಿದರು! ನನಗೆ! ಇವರು ಟೋಪಿಯನ್ನೇ ಹಾರಿಸಿದರು.

ತಿರುಗಿ ನೋಡಿದೆ. ಕೂಗಿ ಕೂಗಿ ಅತ್ತೆಯ ಸೆರಗು ಹೆಗಲ ಮೇಲಿತ್ತು. ಬೆಳ್ಳಗಿನ ಕೂದಲು ಬಿಸಿಲಿಗೆ ಹೊಳೆಯುತ್ತಿತ್ತು. ಇಡೀ ಊರಿನೆದುರು.

ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ಶುರು ಮಾಡಿದೆ. "ಅತ್ತಿ, ನಿಮ್ಮ ಸೆರಗ…"

"ಗೊತ್ತದ, ಸುಮ್ನಿರು. ನನಗೂ ಒಂದು ಚೀಲ ಹೊಲದ ಕೊಡು."

೨೯ ನವೆಂಬರ್, ಸೋಮವಾರ, ಬೆಳಿಗ್ಗೆ

ಬುಟ್ಟಿ ಸಿದ್ಧ. ಬೀನ್‌ಬ್ಯಾಗ್ ಕೆಳಗೆ, ಮೊಲ, ಬೆಕ್ಕು ನಡುವೆ, ಎಲ್ಲದರ ಮೇಲೆ ಎರಡು ಬಣ್ಣದ ಕಿವಿಯ ಆನೆ. ಮಕ್ಕಳು ಬರುತ್ತಾರೋ? ನಗುತ್ತಾರೋ? ಹಂದಿ ಎನ್ನುತ್ತಾರೋ?

ಗಂಟೆ! ಶಾಲೆಯ ಗಂಟೆ! ಅತ್ತೆ ಆಗಲೇ ಹೊಸಿಲು ದಾಟಿ ನಿಂತಿದ್ದಾರೆ, ಬುಟ್ಟಿ ಕಂಕುಳಲ್ಲಿ, ಅವರ ತಲೆಯ ಮೇಲೆ —