ಗಾಳಿ ನಿಂತಾಗ ಬರುವ ಕೂಗು

ಕೆಂಪು ಕೊರಕಲು, ದಕ್ಷಿಣ ಗೋಬಿ
ಜೂನ್ 19, 1996

ಪ್ರೀತಿಯ ಡೆಜಿದ್ ಅಕ್ಕನಿಗೆ ತಂಗಿ ದುಲ್ಮಾಳ ನಮಸ್ಕಾರ.

ಗೋಬಿಯ ಸಮಸ್ತ ಜನರಿಗೂ ಒಂಟೆಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಶಿಬಿರದ ಏಕಮಾತ್ರ ಸೌಟು ಇಂದು ಬೆಳಿಗ್ಗೆ ದಿವಂಗತವಾಯಿತು. ಜೀಪು ಓಡಿಸುವ ಸೋಸೋರ್ ಅದರಲ್ಲಿ ಪ್ಲಾಸ್ಟರ್ ಕಲಸಿ, ತೊಳೆಯದೆ ಬಿಸಿಲಿಗಿಟ್ಟ. ಈಗದು ಗದೆ. ಅಡುಗೆಯವಳಾದ ನಾನು ಅದನ್ನೇ ಹಿಡಿದು ಅವನನ್ನು ಅಟ್ಟಿಸಿಕೊಂಡು ಹೋದೆ.

ಪ್ಲಾಸ್ಟರ್ ಕಲಸಿದ್ದು ಡೈನೊಸಾರ್ ಎಲುಬು ಒಡೆಯದಂತೆ ಮೆತ್ತಲು. ಹೌದು, ಸಿಕ್ಕಿತು! ಮೊಟ್ಟೆಗಳ ಮೇಲೆ ಕಾವಿಗೆ ಕೂತಿದೆ, ತೋಳು ಎರಡೂ ಕಡೆ ಚಾಚಿದೆ. ಎಲುಬು ಅಗೆಯಲು ಪೋಲೆಂಡಿನಿಂದ ಬಂದ ಹಲೀನಾ ಮೇಡಂ ರಷ್ಯನ್ನಿನಲ್ಲಿ ಹೇಳಿದ್ದನ್ನು ಸೋಸೋರ್ ನಮ್ಮ ಮಾತಿಗೆ ತಂದ: “ಮರಳು ಮೈಮೇಲೆ ಬಿತ್ತಂತೆ. ಆದ್ರೂ ಏಳಲಿಲ್ವಂತೆ.” ಎಲುಬಿಗೆ ಗೋಣಿಪಟ್ಟಿ ಸುತ್ತುತ್ತ ವರ್ಷ ಎಣಿಸಿದೆ. ನನ್ನ ಗಂಡ ಗೊಂಚಿಗ್ ಒಂಟೆ ಹುಡುಕಲು ಹೋಗಿ ಇದೇ ಕೊರಕಲಲ್ಲಿ ಬಿರುಗಾಳಿಗೆ ಸಿಕ್ಕು ಕಾಣೆಯಾಗಿ ಮೂರು ವರ್ಷವಾಯಿತು. ನಾನೂ ಹೀಗೇ ಕೂತಿದ್ದೇನಲ್ಲ, ಅಕ್ಕ?

ಇನ್ನೊಂದು ವಿಷಯ, ನಗಬೇಡ. ದಿನಾ ಮಧ್ಯಾಹ್ನ ಗಾಳಿ ನಿಂತೊಡನೆ ಡೇರೆಯ ಹೊರಗೊಂದು ಕೂಗು: “ನಾಯಿ ಹಿಡೀರಿ!” ನಮ್ಮಲ್ಲಿ ನಾಯಿಯೇ ಇಲ್ಲ. ಇಲ್ಲದಿದ್ದರೇನು, ಮನೆಗೆ ಬರುವವನು ಹಾಗೆ ಕೂಗಬೇಕಾದ್ದೇ ಮರ್ಯಾದೆ. ಇರುವ ಮೂವರೂ ಆಗ ಒಳಗೇ ಇರುತ್ತೇವೆ. ಹೊರಗೆ ಹೆಜ್ಜೆಗುರುತೂ ಇರುವುದಿಲ್ಲ. ಕೂಗುವ ಮೊದಲು ಎರಡು ಕೆಮ್ಮು, ಥೇಟ್ ಗೊಂಚಿಗ್‌ನ ಹಾಗೆ. ನಾನೊಂದು ಬಟ್ಟಲು ಹೆಚ್ಚಿಗೆ ಇಟ್ಟರೆ ಸೋಸೋರ್ ಕಿಚಾಯಿಸುತ್ತಾನೆ: “ಗಾಳಿ ಅಕ್ಕಾ, ಗಾಳಿ! ಅದಕ್ಕೂ ಉಪ್ಪು ಚಹಾ ಕೊಡ್ತೀಯಾ? ಉಪ್ಪು ಸರಿಯಾಗಿ ಹಾಕು, ಮತ್ತೆ ಬೈದುಬಿಟ್ಟೀತು!” ಗಾಳಿಯೇ ಇರಲಿ. ಮೇಡಂ ತಲೆಯೆತ್ತದೆ ಏನೋ ಬರೆಯುತ್ತಿರುತ್ತಾರೆ.

ನನಗೊಬ್ಬಳಿಗೇ ಕೇಳುವುದು ನನ್ನ ಭ್ರಮೆಯೇ ಇರಬೇಕು, ಅದಕ್ಕೇ ಮನಸ್ಸು ಗಟ್ಟಿಮಾಡಿದೆ. ಗೊಂಚಿಗ್ ಸತ್ತನೆಂದು ಒಪ್ಪುವ ಆ ಕಾಗದಕ್ಕೆ ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಸೋಮವಾರ ಕಚೇರಿಗೆ ಕೊಟ್ಟುಬಿಡು. ನಾನು ಎದ್ದೆ, ಅಕ್ಕ.

ನಿನ್ನ
ದುಲ್ಮಾ

ಮರೆತಿದ್ದು: ಲಕೋಟೆ ಅಂಟಿಸಿಬಿಟ್ಟೆ, ಅದರ ಬೆನ್ನ ಮೇಲೆ ಬರೆಯುತ್ತಿದ್ದೇನೆ. ನೀರು ತರಲು ಊರಿಗೆ ಹೊರಟ ಸೋಸೋರ್ ಜೀಪಿನ ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಹಲೀನಾ ಮೇಡಂ ಪುಸ್ತಕ ಹಿಡಿದು ಬಂದು ಅವನನ್ನು ಕೇಳಿದರು: ಹೊರಗೆ ದಿನಾ ಯಾರೋ ಹೀಗನ್ನುತ್ತಾರಲ್ಲ, ಅರ್ಥವೇನು? ನಮ್ಮ ಭಾಷೆಯ ಒಂದಕ್ಷರ ಬಾರದ ಹೆಂಗಸು, ಎರಡು ಸಲ ಕೆಮ್ಮಿ, ತಪ್ಪಿಲ್ಲದೆ “ನಾಯಿ ಹಿಡೀರಿ” ಅಂದೇಬಿಟ್ಟರು. ಸೋಸೋರ್ ನನ್ನ ಮುಖ ನೋಡಲಿಲ್ಲ. “ಮೊದಲ್ನೇ ದಿನದಿಂದ್ಲೂ ನಂಗೂ ಕೇಳ್ತಿತ್ತು ಅಕ್ಕಾ. ನೀನು ಹೆದರ್ತೀಯಾಂತ ಗಾಳಿ ಅಂದೆ,” ಅಂದ.

ಇಷ್ಟು ದಿನ ನಾವ್ಯಾರೂ “ಒಳಗೆ ಬಾ” ಅನ್ನಲಿಲ್ಲ. ಇವತ್ತು ನಾನು ಅನ್ನುತ್ತೇನೆ. ನೀನೊಂದು ಉಪಕಾರ ಮಾಡು: ಒಳಗಿನ ಕಾಗದ ಕಚೇರಿಗೆ ಕೊಡಬೇಡ. ನಾನು ಬರುವವರೆಗೆ ಹಿಟ್ಟಿನ ಡಬ್ಬಿಯ ಕೆಳಗಿಟ್ಟಿರು, ತೇವ ತಾಗದ ಹಾಗೆ.